ಬ್ಯಾಂಕರ್ ಹಚ್ಚದೆ ಘಟ್ಟ ಹತ್ತುವ ಗಾಡಿ

ಹೋಳಿ ಹುಣ್ಣಿಮೆಯ ಮರುದಿನ ಊಟವಾದ ಮೇಲೆ ಅಪ್ಪನ ಕೈಗೆ ಮೊಬೈಲ್ ಕೊಟ್ಟು ಒಂದು ವಿಡಿಯೊ ತೋರಿಸಿದೆ. ಕೆಂಪು ಬಣ್ಣದ ಪುಟ್ಟ ರೈಲು, ಸುತ್ತ ಹಿಮದ ಬೆಟ್ಟ, ಕೆಳಗೆ ಕಲ್ಲಿನ ಸೇತುವೆ. ‘ಛಲೋ ಐತಿ’ ಅಂದಾನು ಅಂದುಕೊಂಡಿದ್ದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿ, ‘ಹಿಂದ ಬ್ಯಾಂಕರ್ ಎಲ್ಲೈತಿ?’ ಎಂದ.

ಬ್ಯಾಂಕರ್ ಅಂದರೆ ಘಟ್ಟದಲ್ಲಿ ಗಾಡಿಯನ್ನು ಹಿಂದಿನಿಂದ ನೂಕಲು ಹಚ್ಚುವ ಎಂಜಿನ್. ರೈಲು ಚಾಲಕನಾಗಿದ್ದ ಅಪ್ಪನ ನೌಕರಿಯ ಬಹುಪಾಲು ಕಳೆದದ್ದು ಅದರಲ್ಲೇ. ನಮ್ಮ ಕಡೆಯ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಮ್‌ವರೆಗೆ 26 ಕಿ.ಮೀ. ಘಟ್ಟ, ನಡುವೆ ದೂಧಸಾಗರ, 37 ಮೀಟರಿಗೆ 1 ಮೀಟರ್ ಏರು. ಮಳೆಗಾಲದಲ್ಲಿ ಹಳಿ ಜಾರುತ್ತದೆ, ಗಾಲಿ ನಿಂತಲ್ಲೇ ತಿರುಗುತ್ತದೆ. ಆಗ ಎಂಜಿನ್ನಿನ ಡಬ್ಬಿಯಿಂದ ಹಳಿಯ ಮೇಲೆ ಉಸುಕು ಬಿಡುತ್ತ ಬಿಡುತ್ತ ಹತ್ತಬೇಕು. ಬೇರೆಯವರ ಮನೆಯಲ್ಲಿ ಮಕ್ಕಳಿಗೆ ರಾಮಾಯಣ ಹೇಳಿದರೆ ನನಗೆ ಸಿಕ್ಕಿದ್ದು ಉಸುಕಿನ ಕಥೆ.

‘ಎಷ್ಟರ ಏರು ಇದು?’ ಎಂದ. ಹುಡುಕಿ ಹೇಳಿದೆ. ಸ್ವಿಟ್ಜರ್ಲೆಂಡಿನ ಬರ್ನಿನಾ ಮಾರ್ಗ, ಸಾವಿರಕ್ಕೆ 70, ಅಂದರೆ ಹೆಚ್ಚುಕಡಿಮೆ 14ಕ್ಕೆ 1. ಊಟಿ ರೈಲು 12ಕ್ಕೆ 1 ಏರುತ್ತದೆ, ಆದರೆ ಅದಕ್ಕೆ ನಡುವೆ ಹಲ್ಲಿನ ಹಳಿ ಇದೆ. ಇದಕ್ಕೆ ಅದೂ ಇಲ್ಲ.

‘ಸುಳ್ಳು. ನೋಡದ ನಂಬಾಂವಲ್ಲ ನಾ.’

ಅಪ್ಪನಿಗೆ 74. ಮೊಣಕಾಲು ನೋವು ಬಿಟ್ಟರೆ ಗಟ್ಟಿ. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದು ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ಆ ವರ್ಷ ಆರ್ಡರ್ ಚೆನ್ನಾಗಿದ್ದವು, ಸಾಲದ ಕಂತೂ ಮುಗಿದಿತ್ತು. ಹೆಂಡತಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ, ದಸರಾ ರಜೆ ಸಿಗುತ್ತದೆ. ಹೋಗೋಣ ಅಂದೆ. ಆವತ್ತಿನಿಂದ ಅಕ್ಟೋಬರಿನವರೆಗೆ ನಾನು ಮಾಡಿದ ತಪ್ಪುಗಳನ್ನೂ ಅಪ್ಪ ತಿದ್ದಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಪ್ರವಾಸಕ್ಕಿಂತ ಅದರ ತಯಾರಿಯೇ ಉದ್ದ ಇತ್ತು.

ಮೊದಲು ಊರಿನ ಒಂದು ಏಜೆನ್ಸಿಗೆ ಹೋದೆ. 12 ದಿನಕ್ಕೆ ಎಂಟು ದೇಶ, ಎಲ್ಲ ಬಸ್ಸಿನಲ್ಲಿ, ರಾತ್ರಿಗೆ ಭಾರತೀಯ ಊಟ. ‘ರೈಲು ಬೇಕು’ ಅಂದರೆ ‘ಒಂದ್ ದಿನ ಹತ್ತಿಸ್ತೀವಲ್ರಿ ಸರ್’ ಎಂದರು. ಅಲ್ಲಿಂದ ಎದ್ದು ಬಂದು ಸ್ವತಃ ಎಕ್ಸೆಲ್ ಹಾಳೆ ತೆರೆದೆ. ಎಂಟು ದೇಶವನ್ನು ಬೈದು ಬಂದವನು ನಾನೇ ಕೂತು ಏಳು ದೇಶ ತುಂಬಿಸಿದೆ ಎನ್ನುವುದನ್ನು ಒಪ್ಪಿಕೊಳ್ಳಬೇಕು. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಪ್ರಾಗ್, ವಿಯೆನ್ನಾ, ಜ್ಯೂರಿಚ್, ಕೊನೆಗೆ ರೋಮ್. ಹೋಟೆಲ್ ಖರ್ಚು ಉಳಿಸಲು ವಿಯೆನ್ನಾದಿಂದ ಜ್ಯೂರಿಚ್‌ಗೆ ರಾತ್ರಿ ಗಾಡಿ. ಇಷ್ಟು ಜಾಣ ಯೋಜನೆ ಇನ್ನೊಂದಿಲ್ಲ ಎಂದುಕೊಂಡು ಪ್ರಿಂಟ್ ತೆಗೆದು ಅಪ್ಪನ ಮುಂದಿಟ್ಟೆ.

ಅಪ್ಪ ಒಳಗಿಂದ ಕೆಂಪು ಪೆನ್ಸಿಲ್ ತಂದ. ನಿವೃತ್ತನಾಗಿ ಹದಿನಾಲ್ಕು ವರ್ಷವಾದರೂ ಆ ಪೆನ್ಸಿಲ್ ಡ್ರಾವರಿನಲ್ಲೇ ಇತ್ತು. ರಾತ್ರಿ ಗಾಡಿಯ ಸಾಲಿಗೆ ಗೀರು ಎಳೆದು ಕೇಳಿದ: ‘ಇದು ಯಾವ ಘಟ್ಟ ದಾಟತೈತಿ?’

‘ಆರ್ಲ್‌ಬರ್ಗ್.’

‘ಎಷ್ಟೊತ್ತಿಗೆ?’

‘ನಸುಕಿನ್ಯಾಗ.’

‘ಕತ್ತಲಾಗ ಘಟ್ಟ ನೋಡಾಕ ಅಲ್ಲಿ ತನಕ ಯಾಕ ಹೋಗಬೇಕೋ? ಇಲ್ಲೇ ಕಣ್ಣು ಮುಚ್ಚಿಕೊಂಡು ಕುಂಡ್ರೂಣು.’

ಆಮೇಲೆ ಒಂದೊಂದೇ ಊರಿನ ಮುಂದೆ, ಅಲ್ಲಿ ಗಾಡಿಯಲ್ಲಿ ಕೂತ ತಾಸು ಎಷ್ಟು, ಕಿಟಕಿಯಾಚೆ ಬೆಟ್ಟ ಕಾಣುವ ತಾಸು ಎಷ್ಟು ಎಂದು ಬರೆಯಿಸಿದ. 40 ತಾಸಿನ ಪ್ರಯಾಣದಲ್ಲಿ ಬೆಟ್ಟ ಇದ್ದದ್ದು ಒಂಬತ್ತು ತಾಸು, ಅದರಲ್ಲೂ ಅರ್ಧ ಕತ್ತಲೆ. ಇನ್ನುಳಿದದ್ದೆಲ್ಲ ಬಯಲು. ಬಯಲು ನೋಡಲು ಬಾಗಲಕೋಟೆಗೆ ಹೋದರೆ ಸಾಕು.

ಎಕ್ಸೆಲ್ ಹಾಳೆ ಎರಡು ವಾರ ಹಾಗೇ ಬಿದ್ದಿತ್ತು. ಅದನ್ನು ಎಬ್ಬಿಸಿದವಳು ನನ್ನ ಹೆಂಡತಿ. ಒಂದು ಭಾನುವಾರ ಅವಳು ಶಾಲೆಯ ಅಟ್ಲಾಸ್ ತೆರೆದು ನೆಲದ ಮೇಲೆ ಕೂತಿದ್ದಳು. ‘ಮಾವಾರ, ಇಲ್ಲಿ ನೋಡ್ರಿ’ ಎಂದು ಕರೆದಳು. ಬರ್ನಿನಾ ಕಣಿವೆಯ ತುದಿಯಲ್ಲಿ ಅಕ್ಕಪಕ್ಕ ಎರಡು ಕೆರೆಗಳಿವೆ, ಒಂದರ ಹೆಸರು ಕಪ್ಪು ಕೆರೆ, ಇನ್ನೊಂದರ ಹೆಸರು ಬಿಳಿ ಕೆರೆ. ಕಪ್ಪು ಕೆರೆಯ ನೀರು ಇನ್ ನದಿಗೆ, ಅಲ್ಲಿಂದ ಡ್ಯಾನ್ಯೂಬ್‌ಗೆ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಬಿಳಿ ಕೆರೆಯ ನೀರು ದಕ್ಷಿಣಕ್ಕೆ ಇಳಿದು ಪೋ ನದಿ ಸೇರಿ ಏಡ್ರಿಯಾಟಿಕ್ ಸಮುದ್ರಕ್ಕೆ. ನಡುವೆ ಇರುವುದು ರೈಲು ಹಳಿ ಹೋಗುವಷ್ಟು ಜಾಗ.

ಅಪ್ಪನಿಗೆ ಇದು ತಟ್ಟನೆ ಹತ್ತಿತು. ನಮ್ಮ ಖಾನಾಪುರ ತಾಲೂಕಿನಲ್ಲೂ ಇದೇ ಕಥೆಯಲ್ಲವೇ? ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅದೇ ತಾಲೂಕಿನ ಮಹದಾಯಿ ಪಶ್ಚಿಮಕ್ಕೆ ತಿರುಗಿ ಗೋವಾದಲ್ಲಿ ಮಾಂಡೋವಿಯಾಗಿ ಅರಬ್ಬೀ ಸಮುದ್ರಕ್ಕೆ. ‘ಕ್ಯಾಸಲ್‌ರಾಕಿನ್ಯಾಗ ಮಳಿ ಬಿದ್ರ ಒಂದ್ ಹನಿ ಯಾ ಕಡೆ ಹೋಗತೈತಿ ಹೇಳಾಕ ಬರಂಗಿಲ್ಲ’ ಎಂದು ಅಪ್ಪ ಹೇಳುವುದು ನಾನು ಚಿಕ್ಕಂದಿನಿಂದ ಕೇಳಿದ ಮಾತು.

ಆವತ್ತೇ ಯೋಜನೆಗೆ ಬೆನ್ನೆಲುಬು ಸಿಕ್ಕಿತು. ಡ್ಯಾನ್ಯೂಬ್ ದಂಡೆಯ ವಿಯೆನ್ನಾದಲ್ಲಿ ಇಳಿಯುವುದು. ಇನ್ ನದಿಯ ಸೇತುವೆ ಎಂದೇ ಹೆಸರಿರುವ ಇನ್ಸ್‌ಬ್ರುಕ್‌ಗೆ ಹೋಗುವುದು. ನೀರಿನ ಎದುರು ದಿಕ್ಕಿಗೆ ಹತ್ತುತ್ತ ಆ ಎರಡು ಕೆರೆ ಮುಟ್ಟುವುದು. ಆಚೆ ಇಟಲಿಗೆ ಇಳಿದು ಮಿಲಾನಿನಿಂದ ವಾಪಸ್ಸು. ಪ್ಯಾರಿಸ್ ಹೋಯಿತು, ರೋಮ್ ಹೋಯಿತು. ಹೋಗಲಿ ಬಿಡಿ ಎಂದು ಬರೆಯುವುದು ಸುಲಭ, ಪ್ಯಾರಿಸ್ ಬಿಟ್ಟದ್ದಕ್ಕೆ ನನಗೆ ಇವತ್ತಿಗೂ ಸ್ವಲ್ಪ ಹೊಟ್ಟೆಯುರಿ ಇದೆ.

ಒಂದು ತಕರಾರು ಬಂತು. ಇನ್ಸ್‌ಬ್ರುಕ್‌ನಿಂದ ಇನ್ ನದಿಯ ಜೊತೆಜೊತೆಗೇ ಸ್ವಿಟ್ಜರ್ಲೆಂಡಿಗೆ ಹೋಗಬೇಕೆಂದರೆ ಲ್ಯಾಂಡೆಕ್‌ವರೆಗೆ ಮಾತ್ರ ಹಳಿ. ಅಲ್ಲಿಂದ ಬಸ್ಸು, ಬಸ್ಸು ಬದಲಿಸಿ ಶ್ಕ್ವೋಲ್, ಅಲ್ಲಿ ಮತ್ತೆ ಹಳಿ. ಹೆಂಡತಿಗೆ ನದಿ ಬಿಡುವ ಮನಸ್ಸಿಲ್ಲ, ಅಪ್ಪನಿಗೆ ಬಸ್ಸು ಹತ್ತುವ ಮನಸ್ಸಿಲ್ಲ. ನಾನು ನಡುವೆ. ನಕ್ಷೆಯನ್ನು ಇನ್ನೊಮ್ಮೆ ನೋಡಿದಾಗ ಅವಳೇ ದಾರಿ ಕಂಡುಹಿಡಿದಳು. ರೈಲಿನಲ್ಲೇ ಹೋದರೆ ಆರ್ಲ್‌ಬರ್ಗ್ ಸುರಂಗದ ಈಚೆಗಿನ ನೀರು ಡ್ಯಾನ್ಯೂಬ್‌ಗೆ, ಆಚೆಗಿನ ನೀರು ರೈನ್ ನದಿಗೆ, ಅಂದರೆ ಉತ್ತರ ಸಮುದ್ರಕ್ಕೆ. ಸ್ವಿಟ್ಜರ್ಲೆಂಡಿನ ಖೂರ್ ಪಟ್ಟಣ ರೈನ್ ದಂಡೆಯಲ್ಲಿದೆ. ಅಲ್ಲಿಂದ ಆಲ್ಬುಲಾ ಸುರಂಗ ದಾಟಿದರೆ ಮತ್ತೆ ಇನ್ ಕಣಿವೆ. ಬರ್ನಿನಾ ದಾಟಿದರೆ ಪೋ ಕಣಿವೆ. ಮೂರು ಘಟ್ಟ, ಮೂರು ಸಮುದ್ರ, ಪೂರ್ತಿ ಹಳಿಯ ಮೇಲೆ. ‘ಹಂಗಾದ್ರ ನಂದೇನೂ ತಕರಾರಿಲ್ರಿ’ ಎಂದಳು.

ದೇಶದ ಲೆಕ್ಕ ಆಮೇಲೆ ಹಾಕಿದೆ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಇಟಲಿ, ಜೊತೆಗೆ ನಡುವೆ ಲಿಕ್ಟೆನ್‌ಸ್ಟೈನ್. ಆಸ್ಟ್ರಿಯಾದ ಫೆಲ್ಡ್‌ಕಿರ್ಖ್ ಮತ್ತು ಸ್ವಿಟ್ಜರ್ಲೆಂಡಿನ ಬೂಕ್ಸ್ ನಡುವೆ ಗಾಡಿ ಆ ದೇಶವನ್ನು ಎಲ್ಲೂ ನಿಲ್ಲದೆ ದಾಟಿಬಿಡುತ್ತದೆ. ಚಹಾ ಕುಡಿದು ಮುಗಿಸುವುದರೊಳಗೆ ಒಂದು ದೇಶ ಮುಗಿದಿರುತ್ತದೆ. ಬೂಕ್ಸ್‌ನಲ್ಲಿ ಗಾಡಿಯ ದಿಕ್ಕು ತಿರುಗುತ್ತದೆ, ಮುಂದೆ ಮುಖ ಮಾಡಿ ಕೂತವರು ಅಲ್ಲಿಂದ ಹಿಂದೆ ಮುಖ ಮಾಡಿ ಹೋಗಬೇಕು. ಸೀಟು ಕಾಯ್ದಿರಿಸುವಾಗ ಇದು ಗೊತ್ತಿರಬೇಕು. ನಾವು ಮೊದಲ ಅರ್ಧ ಹಿಮ್ಮುಖ ಕೂತರೂ ಅಡ್ಡಿಯಿಲ್ಲ ಎಂದು ಎದುರುಬದುರಿನ ನಾಲ್ಕು ಸೀಟಿನ ಜಾಗ ಆರಿಸಿದೆವು.

ಇನ್ನು ಯಾವ ಗಾಡಿ? ಎಲ್ಲರೂ ಹೇಳುವುದು ‘ಬರ್ನಿನಾ ಎಕ್ಸ್‌ಪ್ರೆಸ್’. ದೊಡ್ಡ ಗಾಜಿನ ಕಿಟಕಿ, ಪಾಸ್ ಇದ್ದರೂ ಸೀಟಿಗೆ ಪ್ರತ್ಯೇಕ ಹಣ ಕೊಟ್ಟು ಕಾಯ್ದಿರಿಸಲೇಬೇಕು. ನಾನು ಅದಕ್ಕೇ ಮನಸೋತಿದ್ದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಕಿಟಕಿ ತೆಗೀತದ?’ ತೆಗೆಯುವುದಿಲ್ಲ. ಅದೇ ಹಳಿಯ ಮೇಲೆ ಪ್ರತಿ ಗಂಟೆಗೊಂದು ಸಾದಾ ಪ್ಯಾಸೆಂಜರ್ ಹೋಗುತ್ತದೆ, ಕಾಯ್ದಿರಿಸುವುದು ಬೇಡ, ಕೆಲವು ಡಬ್ಬಿಗಳಲ್ಲಿ ಕಿಟಕಿ ಇಳಿಸಬಹುದು, ಬೇಕಾದ ನಿಲ್ದಾಣದಲ್ಲಿ ಇಳಿದು ಮುಂದಿನ ಗಾಡಿ ಹಿಡಿಯಬಹುದು. ಸ್ವಿಸ್ ವೇಳಾಪಟ್ಟಿ 1982ರಿಂದ ಹೀಗೇ ನಡೆದಿದೆ, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಗಾಡಿ. ಒಂದು ಗಂಟೆಯದ್ದು ಬರೆದುಕೊಂಡರೆ ಇಡೀ ದಿನದ್ದು ಬಂದ ಹಾಗೆ. ಇದನ್ನು ಕೇಳಿ ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಲೋಂಡಾ ಜಂಕ್ಷನ್ನಿನಲ್ಲಿ ತಾಸುಗಟ್ಟಲೆ ಸಿಗ್ನಲ್ ಕಾಯ್ದವನಿಗೆ ಏನು ಅನಿಸಿತೋ.

ಇನ್ನೊಂದು ಸಂಗತಿ ಅವನನ್ನು ಎಬ್ಬಿಸಿ ಕೂಡಿಸಿತು. ಅಲ್ಲಿನ ಆ ಹಳಿ ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್! ನಮ್ಮ ಲೈನು 1990ರ ದಶಕದಲ್ಲಿ ಬ್ರಾಡ್‌ಗೇಜ್ ಆದಾಗ ಅಪ್ಪ ಎರಡು ದಿನ ಸರಿಯಾಗಿ ಉಂಡಿರಲಿಲ್ಲವಂತೆ. ತಾನು ನಡೆಸಿದ ಅಳತೆಯ ಹಳಿ ಇನ್ನೂ ಎಲ್ಲೋ 2,253 ಮೀಟರ್ ಎತ್ತರ ಹತ್ತುತ್ತಿದೆ, ಅದಕ್ಕೆ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಬೇರೆ ಸಿಕ್ಕಿದೆ ಎಂದು ಕೇಳಿ, ಸಂಜೆ ವಾಕಿಂಗಿಗೆ ಹೋದಾಗ ಎರಡನೇ ರೈಲ್ವೆ ಗೇಟಿನ ಹತ್ತಿರ ಸಿಕ್ಕ ಹಳೆಯ ಗೆಳೆಯರಿಗೆಲ್ಲ ಹೇಳಿ ಬಂದ.

ದಾರಿ ಗಟ್ಟಿಯಾಯಿತು. ವಿಯೆನ್ನಾದಲ್ಲಿ ಮೂರು ರಾತ್ರಿ, ಒಂದು ದಿನ ಸೆಮ್ಮರಿಂಗ್ ಘಟ್ಟಕ್ಕೆ ಹೋಗಿಬರುವುದು. ಇದು ಅಪ್ಪನ ಹಟ. 1854ರಲ್ಲಿ ಕಾರ್ಲ್ ಫಾನ್ ಗೇಗ ಕಟ್ಟಿ ಮುಗಿಸಿದ 41 ಕಿ.ಮೀ. ಮಾರ್ಗ. ಕಟ್ಟಲು ಶುರುಮಾಡಿದಾಗ ಆ ಏರು ಹತ್ತುವ ಎಂಜಿನ್ನೇ ಇರಲಿಲ್ಲ, ಹಳಿ ಹಾಕುತ್ತಿರುವಾಗಲೇ ಸ್ಪರ್ಧೆ ಇಟ್ಟು ಎಂಜಿನ್ ಮಾಡಿಸಿದರು. ಅದರ ಏರು ಸಾವಿರಕ್ಕೆ 28. ನಮ್ಮ 37ಕ್ಕೆ 1 ಅಂದರೆ ಸಾವಿರಕ್ಕೆ 27. ‘ಮೊದಲ ನಮ್ಮ ಘಟ್ಟದಂಥಾದ್ದು ನೋಡೂಣು, ಆಮ್ಯಾಲ ಅವರ ಆಟ ನೋಡೂಣು’ ಎಂದ. ಅದರ ಅಡಿಯಲ್ಲಿ 27 ಕಿ.ಮೀ. ಉದ್ದದ ಹೊಸ ಸುರಂಗ ತಯಾರಾಗುತ್ತಿದೆ. ಅದು ತೆರೆದ ಮೇಲೆ ಅವಸರದ ಗಾಡಿಗಳು ಬೆಟ್ಟ ಹತ್ತುವ ಗೋಜಿಗೆ ಹೋಗುವುದಿಲ್ಲ.

ಆಮೇಲೆ ಇನ್ಸ್‌ಬ್ರುಕ್‌ನಲ್ಲಿ ಎರಡು ರಾತ್ರಿ, ಬೆರ್ಗ್ಯೂನ್ ಎಂಬ ಹಳ್ಳಿಯಲ್ಲಿ ಎರಡು, ಪೊಂಟ್ರೆಸಿನಾದಲ್ಲಿ ಎರಡು, ಇಟಲಿ ಗಡಿಯ ಟಿರಾನೊದಲ್ಲಿ ಒಂದು, ಮಿಲಾನಿನಲ್ಲಿ ಒಂದು. ಬೆರ್ಗ್ಯೂನ್ ಯಾಕೆ ಎಂದು ಎಲ್ಲರೂ ಕೇಳಿದರು. ಅಲ್ಲಿಂದ ಮೇಲಿನ ಪ್ರೇಡಾ ನಿಲ್ದಾಣಕ್ಕೆ ನೇರ ದೂರ ಐದಾರು ಕಿ.ಮೀ., ಆದರೆ 400 ಮೀಟರಿಗಿಂತ ಹೆಚ್ಚು ಏರಬೇಕು. ಅದಕ್ಕಾಗಿ ಹಳಿ ಬೆಟ್ಟದೊಳಗೆ ಸುರುಳಿ ಸುತ್ತಿ, ತನ್ನ ಮೇಲೆ ತಾನೇ ದಾಟಿ, 12 ಕಿ.ಮೀ.ಗೂ ಹೆಚ್ಚು ಓಡುತ್ತದೆ. ಹಳ್ಳಿಯಲ್ಲಿ ರೈಲ್ವೆ ಮ್ಯೂಸಿಯಂ ಕೂಡ ಇದೆ. ಹೆಂಡತಿಗೆ ಕಾಲುದಾರಿ, ಅಪ್ಪನಿಗೆ ಮ್ಯೂಸಿಯಂ, ನನಗೆ ನಿದ್ದೆ. ಖೂರ್‌ನಿಂದ ಅಲ್ಲಿಗೆ ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಬೇಕೆಂದು ಅಪ್ಪ ಮೂರು ಕಡೆ ಬರೆದಿಟ್ಟ. ಫಿಲಿಸೂರ್ ಹತ್ತಿರ 65 ಮೀಟರ್ ಎತ್ತರದ ಲ್ಯಾಂಡ್‌ವಾಸರ್ ಸೇತುವೆ ಬಾಗಿ ತಿರುಗಿ ಸೀದಾ ಬಂಡೆಯ ಸುರಂಗಕ್ಕೆ ನುಗ್ಗುತ್ತದೆ. ಎಡಗಡೆ ಕೂತವರಿಗೆ ಬಂಡೆ ಮಾತ್ರ.

ಟಿಕೆಟ್ಟಿನ ಲೆಕ್ಕಕ್ಕೆ ನಾಲ್ಕು ಸಂಜೆ ಹೋದವು. ಯುರೋಪಿನಲ್ಲಿ ಇರುವವರಿಗೆ ಇಂಟರ್‌ರೇಲ್ ಪಾಸ್, ನಮ್ಮಂಥ ಹೊರಗಿನವರಿಗೆ ಯುರೇಲ್ ಪಾಸ್, ಎರಡಕ್ಕೂ 33 ದೇಶ. ಒಂದು ತಿಂಗಳೊಳಗೆ ಬೇಕಾದ ನಾಲ್ಕು ದಿನ ಓಡಾಡುವ ಪಾಸ್ ಅದರಲ್ಲಿ ಚಿಕ್ಕದು. ನಮ್ಮ ದೊಡ್ಡ ಪ್ರಯಾಣದ ದಿನಗಳು ಎಣಿಸಿದರೆ ಸರಿಯಾಗಿ ನಾಲ್ಕು: ವಿಯೆನ್ನಾ–ಇನ್ಸ್‌ಬ್ರುಕ್, ಇನ್ಸ್‌ಬ್ರುಕ್–ಬೆರ್ಗ್ಯೂನ್, ಬೆರ್ಗ್ಯೂನ್–ಪೊಂಟ್ರೆಸಿನಾ, ಪೊಂಟ್ರೆಸಿನಾ–ಟಿರಾನೊ. ಸೆಮ್ಮರಿಂಗ್‌ಗೂ ಟಿರಾನೊ–ಮಿಲಾನಿಗೂ ಅಲ್ಲಲ್ಲೇ ಸಾದಾ ಟಿಕೆಟ್ ತೆಗೆದರಾಯಿತು. 60 ದಾಟಿದವರಿಗೆ ನೂರಕ್ಕೆ 10 ರಿಯಾಯಿತಿ, ಅಪ್ಪನಿಗೆ ಸಿಕ್ಕಿತು.

ಪಾಸ್ ಬೇಡ, ತಿಂಗಳುಗಟ್ಟಲೆ ಮೊದಲೇ ಬಿಡಿ ಟಿಕೆಟ್ ತೆಗೆದರೆ ಅಗ್ಗ ಎನ್ನುವುದೂ ನಿಜ. ಆಸ್ಟ್ರಿಯಾದ ದಿನಗಳಿಗೆ ಲೆಕ್ಕ ಹಾಕಿದಾಗ ಹಾಗೇ ಬಂತು. ಆದರೆ ಆ ಅಗ್ಗದ ಟಿಕೆಟ್ ಅದೇ ಗಾಡಿಗೆ ಮಾತ್ರ. ಅಪ್ಪನ ಮೊಣಕಾಲು ಯಾವ ಗಾಡಿಗೆ ಸಿದ್ಧವಾಗುತ್ತದೆ ಎಂದು ಮೂರು ತಿಂಗಳ ಮೊದಲು ಯಾರು ಹೇಳಬೇಕು? ಹೆಚ್ಚಿನ ದುಡ್ಡು ಕೊಟ್ಟು ಪಾಸ್ ತೆಗೆದೆವು. ಈ ಖರ್ಚಿಗೆ ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ, ಇನ್ಸ್‌ಬ್ರುಕ್‌ನಲ್ಲಿ ಒಂದು ಗಾಡಿ ಬಿಟ್ಟು ಇನ್ನೊಂದಕ್ಕೆ ಹೋದದ್ದು ಆ ಪಾಸಿನ ಧೈರ್ಯದಿಂದಲೇ.

ವೀಸಾದ ವಿಷಯಕ್ಕೆ ಬಂದರೆ ಬಾಯಿ ಕಹಿಯಾಗುತ್ತದೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಹೆಚ್ಚು ರಾತ್ರಿ ಯಾವ ದೇಶದಲ್ಲಿ ಉಳಿಯುತ್ತೇವೋ ಅಲ್ಲಿಗೆ ಅರ್ಜಿ ಹಾಕಬೇಕು. ರಾತ್ರಿಗಳು ಸಮನಾದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮದು ಆಸ್ಟ್ರಿಯಾ ಐದು, ಸ್ವಿಟ್ಜರ್ಲೆಂಡ್ ನಾಲ್ಕು, ಇಟಲಿ ಎರಡು, ಗೊಂದಲವಿಲ್ಲ. ಶುಲ್ಕ 2024ರ ಜೂನ್‌ನಿಂದ ತಲೆಗೆ 90 ಯೂರೊ, ಅರ್ಜಿ ತೆಗೆದುಕೊಳ್ಳುವ ವೀಸಾ ಕೇಂದ್ರದವರ ಸೇವಾಶುಲ್ಕ ಬೇರೆ. ಹೊರಡುವ ದಿನಕ್ಕೆ ಆರು ತಿಂಗಳಿಗಿಂತ ಮೊದಲು ಹಾಕುವಂತಿಲ್ಲ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಬೇಕು. 70 ದಾಟಿದವರ ಕಂತು ನೋಡಿ ನನ್ನ ಕಣ್ಣು ಮಂಜಾಯಿತು, ನಮ್ಮಿಬ್ಬರದ್ದು ಕೂಡಿಸಿದರೂ ಅಪ್ಪನದಕ್ಕೆ ಸಮ ಬರಲಿಲ್ಲ.

ಅಪ್ಪನ ಹೆಸರಿನ ತೊಡಕು ಇನ್ನೊಂದು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಕೊನೆಗೆ, ಪಿಂಚಣಿ ಪುಸ್ತಕದಲ್ಲಿ ಊರ ಹೆಸರು ಮೊದಲಿಗೆ, ಆಧಾರಿನಲ್ಲಿ ಮೂರನೇ ತರಹ. ಮೂರೂ ಒಬ್ಬನೇ ಎಂದು ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆವು. ಜುಲೈ ಮಳೆಯಲ್ಲಿ ಮೂವರೂ ರಾತ್ರಿ ಗಾಡಿಯಲ್ಲಿ ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋದೆವು. ಕೌಂಟರಿನಲ್ಲಿ ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ತಿರುವಿ, ‘ಪ್ರತಿ ಪುಟಕ್ಕೂ ಸೀಲು ಇಲ್ಲ’ ಎಂದರು. ಬೆಳಗಾವಿಯ ಶಾಖೆಯಲ್ಲಿ ನಾನು ಇದನ್ನೇ ಕೇಳಿದ್ದೆ, ಮೊದಲ ಪುಟಕ್ಕೆ ಹೊಡೆದು ‘ಸಾಕ್ರಿ ಇಷ್ಟು’ ಎಂದು ಕಳಿಸಿದ್ದರು. ಆಟೊ ಹಿಡಿದು ಅದೇ ಬ್ಯಾಂಕಿನ ಅಲ್ಲಿನ ಶಾಖೆಗೆ ಓಡಿದೆ. ‘ಖಾತೆ ಇರೋ ಬ್ರಾಂಚ್‌ಗೇ ಹೋಗ್ಬೇಕು ಸಾರ್’ ಎಂದರು. 500 ಕಿ.ಮೀ. ಆಚೆ! ಕೊನೆಗೆ, ಕಾಗದಪತ್ರ ಅಪೂರ್ಣವೆಂದು ಗೊತ್ತಿದ್ದೇ ಕೊಡುತ್ತಿದ್ದೇನೆ ಎಂಬ ಚೀಟಿಗೆ ಸಹಿ ಹಾಕಿ ಕೊಟ್ಟೆ.

ಅಷ್ಟರಲ್ಲಿ ಒಳಗೆ ಅಪ್ಪನ ಬೆರಳಚ್ಚು ಮೂಡುತ್ತಿರಲಿಲ್ಲ. ನಾಲ್ಕು ದಶಕ ಡೀಸೆಲ್, ಗ್ರೀಸು, ಬಿಸಿ ಕಬ್ಬಿಣ ಹಿಡಿದ ಬೆರಳು. ಅಚ್ಚು ತೆಗೆಯುವ ಹುಡುಗಿ ಒದ್ದೆ ಬಟ್ಟೆ ಕೊಟ್ಟು ಒರೆಸಿಸಿ, ಒತ್ತಿಸಿ, ಮತ್ತೆ ಒರೆಸಿಸಿ, ತಾಳ್ಮೆಯಿಂದ ಐದನೇ ಸಲಕ್ಕೆ ತೆಗೆದಳು. ಹೊರಗೆ ಬಂದ ಅಪ್ಪ, ‘ರೈಲ್ವೇದವರು ನನ್ನ ಹೆಬ್ಬಟ್ಟ ಸವಿಸಿಬಿಟ್ಟಾರ’ ಎಂದು ನಕ್ಕ. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಹನ್ನೆರಡನೇ ದಿನಕ್ಕೆ ಮೂವರ ಪಾಸ್‌ಪೋರ್ಟೂ ವೀಸಾ ಅಂಟಿಸಿಕೊಂಡು ಮನೆಗೆ ಬಂದವು.

ಈ ಗಡಿ, ತಪಾಸಣೆಯ ಮಾತು ಬಂದಾಗ ಅಪ್ಪ ನಮ್ಮ ಅಜ್ಜನ ಕಾಲದ್ದು ತೆಗೆದ. ಅಜ್ಜ ಲೋಂಡಾದ ಗ್ಯಾಂಗ್‌ಮನ್, ಹಳಿ ನೋಡಿಕೊಳ್ಳುವ ಕೆಲಸ. 1961ರವರೆಗೆ ಗೋವಾ ಪೋರ್ಚುಗೀಸರದ್ದು, ಹಾಗಾಗಿ ಕ್ಯಾಸಲ್‌ರಾಕ್ ಗಡಿ ನಿಲ್ದಾಣ. ಈ ಕಡೆ ನಮ್ಮ ಸುಂಕದವರು ಪೆಟ್ಟಿಗೆ ಬಿಚ್ಚಿಸುತ್ತಿದ್ದರು, ಘಟ್ಟ ಇಳಿದರೆ ಕುಳೆಮ್‌ನಲ್ಲಿ ಅವರು ಬಿಚ್ಚಿಸುತ್ತಿದ್ದರು. ‘ಘಟ್ಟದ ಗಾಡ್ಯಾಗ ಎರಡು ದೇಶ ದಾಟೂದು ನಮ್ಮ ಮನಿತನಕ್ಕ ಹೊಸಾದಲ್ಲ’ ಎಂದ. ನಾನು ಇಷ್ಟು ದಿನ ಯುರೋಪಿನ ನಕ್ಷೆ ನೋಡುತ್ತ ಕೂತಿದ್ದೆ, ಮನೆಯಿಂದ ಎರಡು ತಾಸಿನ ದಾರಿಯಲ್ಲಿ ಇದ್ದ ಗಡಿ ತಲೆಗೇ ಬಂದಿರಲಿಲ್ಲ.

ಸೆಪ್ಟೆಂಬರಿನಲ್ಲಿ ರಿಹರ್ಸಲ್ ಆಯಿತು. ಹೌದು, ರಿಹರ್ಸಲ್. ಬೂಕ್ಸ್ ಆದ ಮೇಲೆ ಖೂರ್ ಗಾಡಿ ಹಿಡಿಯಬೇಕಾದ ಸಾರ್ಗನ್ಸ್‌ನಲ್ಲಿ ಗಾಡಿ ಬದಲಿಸಲು ನಾನು ಏಳು ನಿಮಿಷ ಇಟ್ಟಿದ್ದೆ, ಮೊಬೈಲ್ ಆ್ಯಪ್ ಸಾಕು ಎಂದು ತೋರಿಸಿತ್ತು. ‘ಆ್ಯಪ್‌ಗೆ ಮೊಣಕಾಲು ಅದಾವೇನು?’ ಎಂದು ಅಪ್ಪ ನಮ್ಮಿಬ್ಬರನ್ನೂ ತುಂಬಿದ ಬ್ಯಾಗುಗಳ ಸಮೇತ ಬೆಳಗಾವಿ ನಿಲ್ದಾಣಕ್ಕೆ ಹೊರಡಿಸಿದ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದು ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಆಚೆ ಇಳಿದೆವು. ಅಪ್ಪ ಕೈಗಡಿಯಾರ ಹಿಡಿದು ನಮ್ಮ ಹಿಂದೆ ಒಂದೊಂದೇ ಮೆಟ್ಟಿಲು. ಒಂಬತ್ತೂವರೆ ನಿಮಿಷ. ಚಹಾ ಮಾರುವವನು ‘ಯಾವ ಗಾಡಿ ತಪ್ಪೇತ್ರಿ?’ ಎಂದು ಕನಿಕರದಿಂದ ಕೇಳಿದ. ಆ ರಾತ್ರಿಯೇ ಬದಲಾವಣೆಯ ಜಾಗಗಳಲ್ಲೆಲ್ಲ ಕನಿಷ್ಠ ಅರ್ಧ ತಾಸು ಹಾಕಿದೆ, ತಲೆಗೊಂದರಂತೆ ಬ್ಯಾಗು ಚಿಕ್ಕದು ಮಾಡಿದೆವು. ಹೆಂಡತಿ ಎರಡು ಸೀರೆ ತೆಗೆದಿಟ್ಟಳು. ನಾನು ಏನೂ ತೆಗೆಯಲಿಲ್ಲ ಎಂದು ಅವಳು ಇಲ್ಲಿ ಸೇರಿಸಲು ಹೇಳುತ್ತಿದ್ದಾಳೆ.

ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ. ಬೆಳಗಾವಿ ಕುಂದಾ ಒಂದು ಕಿಲೊ ತಂದಿದ್ದೆವು, ಹಾಲಿನ ಪದಾರ್ಥ, ಮಾಂಸ ಯಾವುದನ್ನೂ ಹೊರಗಿನಿಂದ ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ ಎಂದು ಕೊನೆಯ ದಿನ ಗೊತ್ತಾಯಿತು. ಕುಂದಾ ಪಕ್ಕದ ಮನೆಯವರ ಪಾಲಾಯಿತು. ಖಡೇ ಬಜಾರಿನಲ್ಲಿ ಉಣ್ಣೆಯ ಟೊಪ್ಪಿಗೆ ಕೊಂಡೆವು. ಅಂಗಡಿಯವನು ‘ಮಹಾಬಳೇಶ್ವರಕ್ಕೇನ್ರಿ?’ ಎಂದ, ನಾವೂ ಹೂಂ ಎಂದೆವು.

ಹೋದ ಮೇಲಿನ ಕಥೆ ಉದ್ದಕ್ಕೆ ಹೇಳುವುದಿಲ್ಲ. ಸೆಮ್ಮರಿಂಗ್‌ನಲ್ಲಿ ಮಂಜು ಕವಿದು ಒಂದು ಸೇತುವೆಯೂ ಪೂರ್ತಿ ಕಾಣಲಿಲ್ಲ, ಅಪ್ಪ ಕಣ್ಣು ಮುಚ್ಚಿ ಸದ್ದು ಕೇಳುತ್ತ ‘ಈಗ ಏರು ಹತ್ತೇತಿ, ಈಗ ತಿರುವು’ ಎನ್ನುತ್ತ ಕೂತ. ಆರ್ಲ್‌ಬರ್ಗ್ ಸುರಂಗದಿಂದ ಹೊರಬಿದ್ದಾಗ ಹೆಂಡತಿ ಬಾಟಲಿಯ ನೀರು ತೋರಿಸಿ ‘ಇದು ಕಪ್ಪು ಸಮುದ್ರದ್ದು, ಹೊರಗಿಂದು ಉತ್ತರ ಸಮುದ್ರದ್ದು’ ಎಂದಳು. ಲ್ಯಾಂಡ್‌ವಾಸರ್ ಸೇತುವೆಯ ಹೊತ್ತಿಗೆ ಬಲಗಡೆಯ ಕಿಟಕಿಗಳೆಲ್ಲ ತುಂಬಿದ್ದವು. ಮೂರು ಕಡೆ ಬರೆದಿಟ್ಟ ಅಪ್ಪ ಎಡಗಡೆ ಕೂತು ಬಂಡೆ ನೋಡಿದ. ಮರುದಿನ ಪ್ರೇಡಾಕ್ಕೆ ಹೋಗುವ ಬದಲು ನಾವು ಫಿಲಿಸೂರ್‌ಗೆ ವಾಪಸ್ಸು ಹೋಗಿ ಮತ್ತೆ ಬಂದೆವು, ಅದಕ್ಕೆ ಬೇರೆ ಟಿಕೆಟ್ಟು.

ಪೊಂಟ್ರೆಸಿನಾದಿಂದ ಹೊರಟ ದಿನ ಆಕಾಶ ತೊಳೆದಿಟ್ಟಂತಿತ್ತು. ಲಾರ್ಚ್ ಮರಗಳು ಹಳದಿಗೆ ತಿರುಗತೊಡಗಿದ್ದವು. ಎರಡು ಕೆರೆಗಳ ನಡುವೆ ಹಳಿಯ ಪಕ್ಕದಲ್ಲೇ, ನೀರು ಬೇರೆಯಾಗುವ ಜಾಗವೆಂದು ಸಾರುವ ಫಲಕ ಬಂತು, ಹೋಯಿತು. ಹೆಂಡತಿಯ ಫೋಟೊದಲ್ಲಿ ಅದು ಅರ್ಧ ಬಂದಿದೆ. ಅಲ್ಲಿಂದ 38 ಕಿ.ಮೀ.ಯಲ್ಲಿ 1,824 ಮೀಟರ್ ಇಳಿತ. ಬ್ರುಸಿಯೊದಲ್ಲಿ ಗಾಡಿ ಬಯಲಲ್ಲೇ ಕಲ್ಲಿನ ಕಮಾನುಗಳ ಮೇಲೆ ಒಂದು ಪೂರ್ತಿ ಸುತ್ತು ಹಾಕಿ ತನ್ನದೇ ಕಮಾನಿನ ಕೆಳಗೆ ನುಸುಳಿತು. ಇಡೀ ದಾರಿ ಅಪ್ಪ ಮಾತಾಡಲಿಲ್ಲ. ಬಲಗೈ ಮುಂದಿನ ಸೀಟಿನ ಅಂಚು ಹಿಡಿದಿತ್ತು. ಇಳಿಜಾರು ಜೋರಾದ ಕಡೆ ಆ ಕೈ ಬಿಗಿಯಾಗುವುದು ಕಾಣುತ್ತಿತ್ತು.

ಟಿರಾನೊ ಪೇಟೆಯಲ್ಲಿ ದೊಡ್ಡ ಚರ್ಚಿನ ಮುಂದಿನ ಚೌಕವನ್ನೇ ಹಾದು, ಕಾರುಗಳನ್ನು ನಿಲ್ಲಿಸಿ, ಗಾಡಿ ನಿಲ್ದಾಣಕ್ಕೆ ಬಂತು. ಎಲ್ಲರೂ ಇಳಿದು ಹೋದರು. ಆ ರಾತ್ರಿ ನಮ್ಮ ವಸತಿ ಅಲ್ಲೇ, ಅವಸರವಿಲ್ಲ. ಅಪ್ಪ ಮುಂದಿನ ಡಬ್ಬಿಯ ಹತ್ತಿರ ಹೋಗಿ ಮೊಣಕಾಲು ಹಿಡಿದುಕೊಂಡೇ ಬಗ್ಗಿ ಗಾಲಿ ಎಣಿಸತೊಡಗಿದ. ಈ ತರಹದ ಮೂರು ಡಬ್ಬಿಯ ಘಟಕಕ್ಕೆ 12 ಆಕ್ಸಲ್ (ಜೋಡಿ ಗಾಲಿಯ ಅಚ್ಚು), ಅದರಲ್ಲಿ 8ಕ್ಕೆ ಮೋಟರ್ ಎಂದು ಬೆರ್ಗ್ಯೂನ್‌ನ ಮ್ಯೂಸಿಯಂ ನೋಡಿ ಬಂದ ರಾತ್ರಿ ಓದಿ ಹೇಳಿದ್ದೆ. ಗಾಡಿ ಹಗುರ, ಎಳೆಯುವ ಗಾಲಿ ಹೆಚ್ಚು, ಅದಕ್ಕೇ ಹಿಂದಿನಿಂದ ನೂಕುವುದು ಬೇಡ. ಅಪ್ಪ ಅರ್ಧ ನಂಬಿದ್ದ.

ಚಾಲಕ ಚೀಲ ಹೆಗಲಿಗೆ ಹಾಕಿಕೊಂಡು ಇಳಿದು ಬಂದ, ಐವತ್ತರ ಆಸುಪಾಸಿನವನು. ಅಪ್ಪ ಎದೆ ಮುಟ್ಟಿಕೊಂಡು ‘ಇಂಡಿಯಾ, ಡ್ರೈವರ್’ ಎಂದ. ಆತ ನಕ್ಕು ಕೈ ಕೊಟ್ಟ. ಅಪ್ಪ ಗಾಲಿ ತೋರಿಸಿದ, ಆಮೇಲೆ ಹಿಟ್ಟು ಉದುರಿಸುವಂತೆ ಬೆರಳು ತಿಕ್ಕಿ ಹಳಿಯ ಕಡೆ ತೋರಿಸಿದ. ಆತ ಒಂದು ಗಳಿಗೆ ನೋಡಿ, ‘ಸಾಂಡ್! ಯಾ, ಯಾ’ ಎಂದು ಬಗ್ಗಿ, ಗಾಲಿಯ ಮುಂದೆ ಹಳಿಯವರೆಗೆ ಇಳಿದಿದ್ದ ಸಣ್ಣ ಕೊಳವೆ ತೋರಿಸಿದ. ಅದರ ಬಾಯಲ್ಲಿ ನಾಲ್ಕು ಕಾಳು ಅಂಟಿಕೊಂಡಿದ್ದವು. ಅಪ್ಪ ಅವನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿ ನೋಡಿದ.

‘ಉಸುಕು’ ಎಂದ ನನ್ನ ಕಡೆ ತಿರುಗಿ. ‘ನಮ್ಮದಕಿಂತ ಸಣ್ಣದೈತಿ.’